ಕಡಲಲ್ಲಿ ಗಾಳ ಹಾಕಿಸ್ತೀವಿ ಅಂತ ಅಡ್ವಾನ್ಸ್ ಕೇಳಿದರೆ, ಕೊಡುವ ಮುಂಚೆ ಇದನ್ನು ಓದಿ

ತುಮಕೂರು, ಗುಬ್ಬಿ, ತಿಪಟೂರು ಕಡೆಯಿಂದ ಗುಂಪು ಕಟ್ಟಿಕೊಂಡು ಕರಾವಳಿಗೆ ಮೀನು ಹಿಡಿಯೋಕೆ ಹೋಗುವವರು ಈಗ ಜಾಸ್ತಿ ಆಗಿದ್ದಾರೆ. ಫೋನಿನಲ್ಲಿ ಒಂದು ವಿಡಿಯೋ ನೋಡ್ತೀವಿ, ಒಬ್ಬ ಒಂದು ಮಾರುದ್ದದ ಅಂಜಲ್ ಎತ್ತಿ ಹಿಡಿದಿರ್ತಾನೆ, ಕೆಳಗೆ ಒಂದು ನಂಬರ್ ಇರುತ್ತೆ. ನಾವೂ ಹಾಗೇ ಹೋದವರು. 18,000 ರೂಪಾಯಿ ಹೋಯಿತು, ಅದು ಬಿಡಿ, ನನ್ನ ಅಕ್ಕನ ಮಗನ ಕೈಗೆ ಮೂರು ಹೊಲಿಗೆ ಬಿತ್ತು. ಇನ್ನೊಂದು ಹತ್ತು ನಿಮಿಷ ಮುಂದೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ನಿದ್ದೆ ಬರೋದಿಲ್ಲ. ಮತ್ತೆ ಅದೇ ಸೀಸನ್ನು ಬರ್ತಿದೆ, ಅದಕ್ಕೆ ಎಲ್ಲವನ್ನೂ ಬರೆಯುತ್ತಿದ್ದೇನೆ.

ನಾವೆಲ್ಲ ಕೆರೆ ಏರಿ ಮೇಲೆ ಕೂತು ಗಾಳ ಹಾಕಿ ಬೆಳೆದವರು. ಎರೆಹುಳ, ಇಲ್ಲದಿದ್ದರೆ ರಾಗಿ ಹಿಟ್ಟಿನ ಉಂಡೆ, ಸಿಕ್ಕಿದರೆ ಜಿಲೇಬಿ ಮೀನು, ಅದೃಷ್ಟ ಇದ್ದರೆ ಒಂದು ಕಾಟ್ಲಾ. ಕೆರೆ ನೀರು ಹೇಗೆ ಅಂತ ನಮಗೆ ಗೊತ್ತು. ಕಡಲ ಬಗ್ಗೆ ಏನೂ ಗೊತ್ತಿರಲಿಲ್ಲ. ಒಂದು ಸಲ ಕಡಲಲ್ಲಿ ಗಾಳ ಹಾಕಬೇಕು ಅನ್ನೋ ಆಸೆ ವರ್ಷಗಳಿಂದ ಇತ್ತು. ಎಂಟು ಜನ ಸೇರಿದೆವು, ಅದರಲ್ಲಿ ಅಕ್ಕನ ಮಗ ಒಬ್ಬ, ಹದಿಮೂರು ವರ್ಷದವನು, ಪರೀಕ್ಷೆ ಚೆನ್ನಾಗಿ ಬರೆದರೆ ಕರೆದುಕೊಂಡು ಹೋಗ್ತೀನಿ ಅಂತ ನಾನೇ ಮಾತು ಕೊಟ್ಟಿದ್ದೆ.

2025ರ ಮೇ ತಿಂಗಳ ಮೊದಲ ವಾರ ಫೋನ್ ಮಾಡಿದೆವು. ಬೋಟ್ ಮಾಡಿಸಿಕೊಡುವ ಏಜೆಂಟ್ ತುಂಬಾ ಚೆನ್ನಾಗಿ ಮಾತಾಡಿದ. ತಲೆಗೆ 3,500, ಎಂಟು ಜನಕ್ಕೆ 28,000, ಅದರಲ್ಲಿ 18,000 ಮುಂಚೆ ಹಾಕಬೇಕು. ನಮ್ಮ ಗುಂಪಿನ ಒಬ್ಬ ಸರಿಯಾಗೇ ಕೇಳಿದ: "ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಇರುತ್ತೆ ಅಂತಾರಲ್ಲ, ಅಣ್ಣ?" ಅದಕ್ಕೆ ಅವನು, "ಅದು ಜೂನ್ ಒಂದರಿಂದ ಸರ್, ನಿಮ್ಮದು ಮೇ 24, ಶನಿವಾರ. ಇನ್ನೂ ಒಂದು ವಾರ ಇರುತ್ತೆ. ಯಾವ ರೂಲ್ಸೂ ಅಡ್ಡ ಬರಲ್ಲ" ಅಂದ. ನಾವೂ ಹುಡುಕಿ ನೋಡಿದೆವು, ಅವನು ಹೇಳಿದ ತಾರೀಖು ನಿಜವೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯೋ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಉಕ್ಕುವ ಕಾಲ. ಮೇ 24 ಅದರ ಆಚೆ ಇದೆ ಅಲ್ವಾ ಅಂತ ದುಡ್ಡು ಹಾಕಿಬಿಟ್ಟೆವು.

ನಾವು ತಪ್ಪಿದ್ದು ಇಲ್ಲೇ. ಜೂನ್ 1 ಅನ್ನೋದು ಬಾಗಿಲು ಹಾಕುವ ಕೊನೆಯ ದಿನ ಅಷ್ಟೆ. ಅಲ್ಲಿಯವರೆಗೂ ಬಾಗಿಲು ತೆರೆದೇ ಇರುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಆ ವರ್ಷ ಮುಂಗಾರು ಬೇಗ ಬಂತು. ಕೇರಳಕ್ಕೆ ಸಾಮಾನ್ಯವಾಗಿ ಜೂನ್ 1ಕ್ಕೆ ಬರಬೇಕಾದ ಮಳೆ ಮೇ 24ಕ್ಕೇ ಬಂತು, 2009ರ ನಂತರ ಅಷ್ಟು ಬೇಗ ಬಂದಿದ್ದೇ ಇಲ್ಲ. ಅದರ ಜೊತೆಗೆ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ. ಹವಾಮಾನ ಇಲಾಖೆ ಆ ವಾರ ಕರ್ನಾಟಕ, ಕೊಂಕಣ ಕರಾವಳಿಯ ಮೀನುಗಾರರಿಗೆ ಕಡಲಿಗೆ ಇಳಿಯಬೇಡಿ ಅಂತ ಎಚ್ಚರಿಕೆ ಕೊಟ್ಟಿತ್ತು. ನಿಷೇಧಕ್ಕೆ ವಾರ ಇರುವಾಗಲೇ ಸೀಸನ್ನು ಮುಗಿದು ಹೋಗಿತ್ತು. ತುಮಕೂರಿನಲ್ಲಿ ಕೂತ ನಮಗೆ ಇದು ಬರೀ ಮಳೆ ಸುದ್ದಿ. ಮಳೆ ಬಂದರೆ ನಮಗೆ ಖುಷಿ ತಾನೇ, ಕೆರೆ ತುಂಬುತ್ತೆ ಅಂತ. ಗುರುವಾರ ಸಂಜೆ ಏಜೆಂಟ್‌ಗೆ ಕೇಳಿದೆವು. "ಸುಮ್ನೆ ಟಿವಿಯವರು ಹೆದರಿಸ್ತಾರೆ ಸರ್, ಇಲ್ಲಿ ಬಿಸಿಲಿದೆ, ಬನ್ನಿ" ಅಂತ ವಾಯ್ಸ್ ಮೆಸೇಜ್ ಕಳಿಸಿದ. ಆ ಮೆಸೇಜ್ ಇನ್ನೂ ನನ್ನ ಹತ್ತಿರ ಇದೆ.

ಶುಕ್ರವಾರ ರಾತ್ರಿ ಎರಡು ಕಾರಿನಲ್ಲಿ ಹೊರಟೆವು. ಶಿವಮೊಗ್ಗ ದಾಟಿ ತೀರ್ಥಹಳ್ಳಿ ಬರುವಷ್ಟರಲ್ಲಿ ಮಳೆ ಹಿಡಿಯಿತು. ಹುಲಿಕಲ್ ಘಾಟಿಯಲ್ಲಿ ವೈಪರ್ ಎಷ್ಟು ಜೋರಾಗಿ ಆಡಿದರೂ ಎದುರಿಗೆ ರಸ್ತೆ ಕಾಣಿಸುತ್ತಿರಲಿಲ್ಲ. ಆಗಲೇ ವಾಪಸ್ ತಿರುಗಬೇಕಿತ್ತು. ದುಡ್ಡು ಕೊಟ್ಟಾಗಿದೆಯಲ್ಲ ಅಂತ ಮುಂದೆ ಹೋದೆವು. ಅಡ್ವಾನ್ಸ್ ಕೊಟ್ಟ ಮೇಲೆ ಮನುಷ್ಯ ಯೋಚನೆ ಮಾಡುವ ರೀತಿಯೇ ಬೇರೆ ಆಗಿಬಿಡುತ್ತೆ, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಕುಂದಾಪುರದಿಂದ ಸ್ವಲ್ಪ ದೂರದ ಒಂದು ಅಳಿವೆ, ಅಂದರೆ ಹೊಳೆ ಕಡಲಿಗೆ ಸೇರುವ ಜಾಗದ ಹತ್ತಿರ ಬೆಳಗ್ಗೆ ಆರಕ್ಕೆ ತಲುಪಿದೆವು. ಬೋಟುಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಹಾಗೆ ಹಗ್ಗ ಕಟ್ಟಿ ನಿಂತಿದ್ದವು. ಒಂದು ಬೋಟೂ ಹೊರಟಿರಲಿಲ್ಲ. ಬಲೆ ಒಳಗೆ ಸೇರಿಸಿ ಮೇಲೆ ನೀಲಿ ಟಾರ್ಪಾಲು ಹೊದಿಸಿದ್ದರು. ಏಜೆಂಟ್ ಬರಲೇ ಇಲ್ಲ, ಫೋನಿನಲ್ಲೇ ಮಾತು. "ದೊಡ್ಡ ಬೋಟ್ ಇವತ್ತು ಬಿಡ್ತಿಲ್ಲ ಸರ್, ಪರವಾಗಿಲ್ಲ, ನಾಡದೋಣಿ ಇದೆ. ಹತ್ತು ಎಚ್‌ಪಿ ಒಳಗಿನ ಎಂಜಿನ್‌ಗೆ ಯಾವ ರೂಲ್ಸೂ ಇಲ್ಲ, ವರ್ಷ ಪೂರ್ತಿ ಹೋಗಬಹುದು" ಅಂದ.

ದೋಣಿ ಹತ್ತಿರ ಇದ್ದವನು ಇಪ್ಪತ್ತು ವರ್ಷದ ಹುಡುಗ. ಅವನ ಮುಖದಲ್ಲೇ ಗೊತ್ತಾಗುತ್ತಿತ್ತು, ಅವನಿಗೂ ಇಷ್ಟ ಇರಲಿಲ್ಲ. ಎಂಟು ಜನಕ್ಕೆ ಐದು ಲೈಫ್ ಜಾಕೆಟ್. ಅದರಲ್ಲಿ ಒಂದರ ಬಕಲ್ ಮುರಿದಿತ್ತು, ಅದಕ್ಕೆ ಬಲೆಯ ನೂಲಿನಲ್ಲಿ ಗಂಟು ಹಾಕಿದ್ದರು. ಆ ನೂಲು ಕಟ್ಟಿದ ಜಾಕೆಟ್ಟೇ ಅಕ್ಕನ ಮಗನ ಅಳತೆಗೆ ಸರಿ ಆಗುತ್ತಿದ್ದದ್ದು. ನಾನೇ ನನ್ನ ಕೈಯಾರೆ ಆ ಗಂಟನ್ನು ಬಿಗಿ ಮಾಡಿದೆ.

ಹೊಳೆ ಒಳಗೆ ಇರುವಷ್ಟು ಹೊತ್ತು ಏನೂ ಅನ್ನಿಸಲಿಲ್ಲ. ಅಳಿವೆ ಬಾಯಿಗೆ ಬಂದಾಗ ಗೊತ್ತಾಯಿತು. ಹೊಳೆ ನೀರು ಕಡಲಿಗೆ ನುಗ್ಗುತ್ತೆ, ಕಡಲು ಅದನ್ನು ವಾಪಸ್ ತಳ್ಳುತ್ತೆ, ಎರಡೂ ಸೇರುವ ಜಾಗದಲ್ಲಿ ನೀರು ಗೋಡೆ ಥರ ಎದ್ದು ನಿಲ್ಲುತ್ತೆ. ದೋಣಿಯ ಮೂತಿ ಮೇಲಕ್ಕೆ ಎದ್ದು ಧಡ್ ಅಂತ ಕೆಳಗೆ ಬಿತ್ತು. ಎರಡನೇ ಅಲೆಗೆ ಅಕ್ಕನ ಮಗ ಕೂತ ಜಾಗದಿಂದ ಹಾರಿ ಎದುರಿನ ಹಲಗೆ ಮೇಲೆ ಬಿದ್ದ, ಅಲ್ಲಿ ಎದ್ದಿದ್ದ ಮೊಳೆಗೆ ಅಂಗೈ ಸೀಳಿತು. ಅವನು ಅಳಲಿಲ್ಲ. ಕೈ ಮುಷ್ಟಿ ಹಿಡಿದು ನನ್ನನ್ನೇ ನೋಡುತ್ತಿದ್ದ, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ದೋಣಿ ಹುಡುಗ ಯಾರನ್ನೂ ಕೇಳಲಿಲ್ಲ. ಅಲೆ ಇಳಿಯೋದನ್ನು ಕಾದು, ಸರಿಯಾದ ಹೊತ್ತಿಗೆ ತಿರುಗಿಸಿಬಿಟ್ಟ. ಅವನು ತಿರುಗಿಸದೆ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವನಿಗೆ ಕೊಡ್ತೀನಿ ಅಂದಿದ್ದ 1,500 ರೂಪಾಯಿಯನ್ನೂ ಆ ಏಜೆಂಟ್ ಕೊಟ್ಟಿಲ್ಲ ಅಂತ ಆಮೇಲೆ ಗೊತ್ತಾಯಿತು. ನಾವೇ ಕೊಟ್ಟು ಬಂದೆವು.

ದಡದಲ್ಲಿ ಬಲೆ ಹೆಣೆಯುತ್ತಾ ಕೂತಿದ್ದ ಒಬ್ಬ ಅಜ್ಜ ನಮ್ಮನ್ನು ನೋಡಿ ಎದ್ದು ಬಂದರು. "ಹ್ವಾಯ್, ಇವತ್ತ್ ಯಾರೂ ಹೋಯ್ಲಿಲ್ಲ, ನೀವ್ ಎಲ್ಲಿಗ್ ಹೊರಟದ್ದ್ ಮರಾಯ್ರೆ, ಮಕ್ಕಳನ್ನ ಕಟ್ಕಂಡ್?" ಅಂತ ಬೈದರು. ಬೈದ ಮೇಲೆ ತಾವೇ ತಮ್ಮ ಬೈರಾಸ (ಟವೆಲ್) ಹರಿದು ಹುಡುಗನ ಕೈಗೆ ಕಟ್ಟಿದರು. ಹೊಲಿಗೆ ಹಾಕಿಸಿಕೊಂಡು ವಾಪಸ್ ಬಂದ ಮೇಲೆ ಅವರ ಹತ್ತಿರ ಒಂದು ಗಂಟೆ ಕೂತೆವು. ನನಗೆ ಈಗ ಗೊತ್ತಿರೋದರಲ್ಲಿ ಅರ್ಧ ಅವರು ಹೇಳಿದ್ದೇ.

ಹತ್ತು ಎಚ್‌ಪಿ ಮಾತು ಪೂರ್ತಿ ಸುಳ್ಳಲ್ಲ. ಕರ್ನಾಟಕದಲ್ಲಿ ಆ 61 ದಿನ ಹತ್ತು ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗೆ, ಎಂಜಿನ್ ಇಲ್ಲದ ದೋಣಿಗೆ ವಿನಾಯಿತಿ ಇದೆ. ಆದರೆ ಅದು ಕಡಲನ್ನೇ ನಂಬಿ ಬದುಕುವ ಸಾಂಪ್ರದಾಯಿಕ ಮೀನುಗಾರರ ಹೊಟ್ಟೆಪಾಡಿಗೆ ಇರುವ ವಿನಾಯಿತಿ, ಊರಾಚೆಯಿಂದ ಬಂದ ನಮ್ಮಂಥವರನ್ನು ದುಡ್ಡಿಗೆ ಕೂರಿಸಿಕೊಂಡು ಹೋಗೋಕೆ ಅಲ್ಲ. ಅವರೂ ಮಳೆಗಾಲದಲ್ಲಿ ಕಡಲಿನ ಮುಖ ನೋಡಿಯೇ ಇಳಿಯೋದು. ಅಜ್ಜ ಎಂಜಿನ್ ಮೇಲಿನ ಸ್ಟಿಕ್ಕರ್ ತೋರಿಸಿದರು, 9.9 ಅಂತ ಇತ್ತು. ಸ್ಟಿಕ್ಕರ್‌ನ ಒಂದು ಮೂಲೆ ಎದ್ದಿತ್ತು, ಅಡಿಯಲ್ಲಿ ಇನ್ನೊಂದು ಹಳೇ ಸ್ಟಿಕ್ಕರ್ ಅಂಚು ಕಾಣುತ್ತಿತ್ತು. ಹೊರಗಿನ ಕವಚ ಒಂದೇ ಥರ ಇರೋದರಿಂದ ಜಾಸ್ತಿ ಎಚ್‌ಪಿ ಎಂಜಿನ್‌ಗೆ ಹೀಗೆ ಅಂಟಿಸುವವರು ಇದ್ದಾರಂತೆ. ಸಿಕ್ಕಿಬಿದ್ದರೆ 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಪ್ರಕಾರ ದಂಡ. ದಂಡ ಬೀಳೋದು ದೋಣಿಯವನಿಗೆ. ಫೋನಿನಲ್ಲಿ ದುಡ್ಡು ತಗೊಂಡವನಿಗೆ ಏನೂ ಆಗಲ್ಲ.

ದುಡ್ಡು ವಾಪಸ್ ಕೇಳಿದಾಗ, "ದೋಣಿ ಹತ್ತಿದ್ದೀರಲ್ಲ, ಟ್ರಿಪ್ ಆಯ್ತು" ಅಂದ. ಜಗಳ ಆಡಿದ ಮೇಲೆ, "ಸರಿ, ಜೂನ್ 14ಕ್ಕೆ ಬನ್ನಿ, ಅಡ್ಜಸ್ಟ್ ಮಾಡ್ತೀನಿ" ಅಂದ. ನಿಷೇಧ ಇರುವಾಗಲೇ! ಕೇಳಿದರೆ, "ಅದು ಬೇರೆ ರಾಜ್ಯದ ಬೋಟು, ಅವರ ರೂಲ್ಸ್ ಬೇರೆ" ಅಂತ ಹೊಸ ಕಥೆ. ಆಮೇಲೆ ನಂಬರ್ ಬ್ಲಾಕ್. ದೂರು ಕೊಟ್ಟೆವು, ಈವರೆಗೆ ಒಂದು ರೂಪಾಯಿಯೂ ಬಂದಿಲ್ಲ.

ಈ "ರೂಲ್ಸ್ ಬೇರೆ" ಅನ್ನೋ ಮಾತಿನಲ್ಲಿ ಜನ ಸುಲಭವಾಗಿ ಸಿಕ್ಕಿಹಾಕಿಕೊಳ್ತಾರೆ, ಯಾಕೆಂದರೆ ತಾರೀಖುಗಳು ನಿಜಕ್ಕೂ ಬೇರೆ ಬೇರೆ ಇವೆ. ಕೇರಳದಲ್ಲಿ ಟ್ರಾಲಿಂಗ್ (ಬೋಟಿನ ಹಿಂದೆ ಬಲೆ ಎಳೆದು ಮೀನು ಹಿಡಿಯೋದು) ನಿಷೇಧ ಶುರು ಆಗೋದು ಜೂನ್ 9ರ ಮಧ್ಯರಾತ್ರಿಯಿಂದ, 52 ದಿನ. ಪೂರ್ವ ಕರಾವಳಿ, ಅಂದರೆ ತಮಿಳುನಾಡು, ಆಂಧ್ರದ ಕಡೆ, ಏಪ್ರಿಲ್ 15ರಿಂದ ಜೂನ್ 14ರವರೆಗೆ. ಕೋಲಾರ, ಮುಳಬಾಗಿಲು ಕಡೆಯ ಸ್ನೇಹಿತರೇ, ಇದನ್ನು ನಿಮಗೇ ಹೇಳ್ತಿರೋದು, ನಿಮಗೆ ಮಂಗಳೂರಿಗಿಂತ ಚೆನ್ನೈ ಹತ್ತಿರ, ಬೇಸಿಗೆ ರಜೆಗೆ ಆ ಕಡೆ ಹೋಗ್ತೀರಿ. ಮಕ್ಕಳ ರಜೆ ಇರುವ ಏಪ್ರಿಲ್ ಕೊನೆ ಮತ್ತು ಮೇ ಪೂರ್ತಿ ಅಲ್ಲಿ ಬಂದ್. ನಮ್ಮ ಕರಾವಳಿ ತಾರೀಖು ನೋಡಿಕೊಂಡು ಅಲ್ಲಿ ಬುಕ್ ಮಾಡಬೇಡಿ. ಬೇರೆ ರಾಜ್ಯದ ಬೋಟು ಅಂದ ಮಾತ್ರಕ್ಕೆ ನಮ್ಮ ನೀರಿನಲ್ಲಿ ಅದರ ರಾಜ್ಯದ ತಾರೀಖು ನಡೆಯೋದಿಲ್ಲ. ದಡದಿಂದ 12 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು 22 ಕಿಲೋಮೀಟರ್, ಆಯಾ ರಾಜ್ಯದ ನಿಯಮ. ಅದರಾಚೆ ಕೇಂದ್ರದ್ದು.

ಇನ್ನೊಂದು ವಿಷಯ. ಅವನ ಜಾಹೀರಾತಿನಲ್ಲಿ "ರಾತ್ರಿ ಎಲ್‌ಇಡಿ ಲೈಟ್ ಹಾಕಿ ಮೀನು ಹಿಡಿಸ್ತೀವಿ" ಅಂತಲೂ ಇತ್ತು. ನೋಡೋಕೆ ಚೆಂದ ಅನ್ನಿಸುತ್ತೆ. ಬೆಳಕಿಗೆ ಮರಿ ಮೀನೂ ಸೇರಿ ಎಲ್ಲ ಮೇಲೆ ಬರುತ್ತೆ, ಎಲ್ಲವನ್ನೂ ಬಳಿದುಕೊಂಡರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತೆ? 2017ರಲ್ಲೇ ಕೇಂದ್ರ ಸರ್ಕಾರ ಎಲ್‌ಇಡಿ ಮೀನುಗಾರಿಕೆ, ಬುಲ್ ಟ್ರಾಲಿಂಗ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯೋದು) ಎರಡನ್ನೂ ನಿಷೇಧಿಸಿದೆ. ಈ ಎರಡರ ಹೆಸರು ಯಾರಾದರೂ ಆಕರ್ಷಣೆ ಅಂತ ಹೇಳಿದರೆ ಆ ಫೋನ್ ಅಲ್ಲೇ ಇಡಿ.

ಹೋಗಲೇಬೇಡಿ ಅಂತ ಹೇಳ್ತಿಲ್ಲ. ಹೋಗುವವರು ಕ್ಯಾಲೆಂಡರ್ ಒಂದನ್ನೇ ನಂಬಬೇಡಿ. ಹೊರಡುವ ಹಿಂದಿನ ದಿನ ಆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಒಂದು ಫೋನ್ ಮಾಡಿ, ನಾಳೆ ಬೋಟ್ ಬಿಡ್ತಾರಾ ಅಂತ ಕೇಳಿ. ಹವಾಮಾನ ಇಲಾಖೆ ದಿನಾ ಮೀನುಗಾರರಿಗೆ ಅಂತಲೇ ಬೇರೆ ಎಚ್ಚರಿಕೆ ಕೊಡುತ್ತೆ, ಮಳೆ ಸುದ್ದಿ ಅಲ್ಲ, ಅದನ್ನು ನೋಡಿ. ಅಲೆ ಎಷ್ಟು ಎತ್ತರ ಇರುತ್ತೆ ಅಂತ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುನ್ಸೂಚನೆ ಕೊಡುತ್ತೆ. ಬಂದರಿನಲ್ಲಿ ನಿಂತು ಸುತ್ತ ಒಮ್ಮೆ ಕಣ್ಣಾಡಿಸಿ, ಅಲ್ಲಿನವರ ಬೋಟು ಹಗ್ಗ ಕಟ್ಟಿ ನಿಂತಿದ್ದರೆ ನೀವೂ ಇಳಿಯಬೇಡಿ. ದೋಣಿಯ ರಿಜಿಸ್ಟ್ರೇಶನ್ ನಂಬರ್ ಮತ್ತು ಪ್ರವಾಸಿಗರನ್ನು ಕೂರಿಸೋಕೆ ಇರುವ ಅನುಮತಿಯ ಫೋಟೋ ಕೇಳಿ, ಅದು ಬಂದ ಮೇಲೆ ದುಡ್ಡಿನ ಮಾತು. ಕಡಲಿನಲ್ಲಿ ತೊಂದರೆ ಆದರೆ ಕೋಸ್ಟ್ ಗಾರ್ಡ್ ನಂಬರ್ 1554. ಆನ್‌ಲೈನ್ ಮೋಸ ಆದರೆ 1930ಕ್ಕೆ ತಡ ಮಾಡದೆ ಫೋನ್ ಮಾಡಿ. ನಾವು ಎರಡು ವಾರ "ಕೊಡಬಹುದೇನೋ" ಅಂತ ಕಾದು ಆಮೇಲೆ ಮಾಡಿದೆವು, ಅಷ್ಟರಲ್ಲಿ ದುಡ್ಡು ಎಲ್ಲಿಗೋ ಹೋಗಿತ್ತು.

ಆಗಸ್ಟ್ 1ಕ್ಕೆ ನಿಷೇಧ ಮುಗಿಯುತ್ತೆ ಅಂತ ಆವತ್ತೇ ಬೋಟ್ ಸಿಗುತ್ತೆ ಅಂದುಕೊಳ್ಳಬೇಡಿ. ಎಷ್ಟೋ ವರ್ಷ ಗಾಳಿ ಇಳಿಯದೆ ಆಗಸ್ಟ್ ಮೊದಲ ದಿನಗಳೂ ದಡದಲ್ಲೇ ಕಳೆಯುತ್ತವೆ. ಅಲ್ಲಿನ ಮೀನುಗಾರರು ನೂಲಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡ್ತಾರೆ, ಅವರಿಗೇ ಇಲ್ಲದ ಅವಸರ ನಮಗೆ ಯಾಕೆ?

ಮೊನ್ನೆ ಅದೇ ಜಾಹೀರಾತು ಬೇರೆ ಹೆಸರಿನಲ್ಲಿ ಮತ್ತೆ ನೋಡಿದೆ. ಮೇ ಕೊನೆಯ ವಾರಕ್ಕೆ ಆಫರ್ ಅಂತೆ, ನಂಬರ್ ಹೊಸದು, ಫೋಟೋ ಮಾತ್ರ ಹಳೇದೇ: ಬಿಳಿ ದೋಣಿ, ಪಕ್ಕದಲ್ಲಿ ನೇತು ಹಾಕಿದ ಎರಡು ಲಾರಿ ಟೈರು, ಹಳದಿ ಟೀ ಶರ್ಟ್ ಹಾಕಿದ ಒಬ್ಬ ಎರಡು ಕೈಯಲ್ಲಿ ಅಂಜಲ್ ಎತ್ತಿ ಹಿಡಿದಿದ್ದಾನೆ. ಈ ಫೋಟೋ ನಿಮ್ಮ ಗುಂಪಿಗೆ ಬಂದರೆ ದುಡ್ಡು ಹಾಕಬೇಡಿ, ಬಂದ ಗುಂಪಿನಲ್ಲೇ ಇದನ್ನೂ ಹಾಕಿ.