ಡೆಂಗಿ ಕಾಂಬೊ ಕಾರ್ಡ್: ರೋಗಿಗೆ ಒಳ್ಳೆಯದು, ಲೆಕ್ಕಕ್ಕೆ ಸಾಲದು

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಲ್ಯಾಬ್ ಇದೆ. ಮಳೆ ಶುರುವಾದರೆ ಇಲ್ಲಿ ತೋಟದಲ್ಲಿ ಬಿದ್ದ ಕರಟ, ಅಂಗಡಿ ಪಕ್ಕದ ಎಳನೀರು ಬುರುಡೆ ರಾಶಿ, ಮನೆ ಹಿಂದಿನ ಡ್ರಮ್ಮು, ಎಲ್ಲದರಲ್ಲೂ ನೀರು ನಿಲ್ಲುತ್ತದೆ. ಈಡಿಸ್ ಸೊಳ್ಳೆಗೆ ಅಷ್ಟು ಸಾಕು. ಆಮೇಲೆ ಜ್ವರದವರು ಬರುತ್ತಾರೆ, ನನ್ನ ಕಪಾಟಿನಲ್ಲಿರುವ ಡೆಂಗಿ ಕಾಂಬೊ ಕಾರ್ಡ್, ಅಂದರೆ ರಕ್ತದಲ್ಲಿ ಡೆಂಗಿಯ ಗುರುತು ನೋಡುವ ಟೆಸ್ಟ್ ಕಾರ್ಡ್, ಖಾಲಿಯಾಗುತ್ತಾ ಹೋಗುತ್ತದೆ. ಬೇರೆ ಬೇರೆ ಕಂಪನಿಯ ಕಾರ್ಡ್ ಬಳಸಿದ್ದೇನೆ. ಒಳ್ಳೆಯ ಗುಣ, ಕೊರತೆ ಎರಡೂ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ. ಹಾಗಾಗಿ ಒಂದು ಬ್ರಾಂಡ್ ಹಿಡಿಯದೆ, ಈ ಬಗೆಯ ಕಾರ್ಡ್ ಬಗ್ಗೆಯೇ ಬರೆಯುತ್ತೇನೆ.

ಪೌಚ್ ಹರಿದರೆ ಒಳಗೆ ಅಕ್ಕಪಕ್ಕ ಎರಡು ಪಟ್ಟಿ. ಒಂದು ಎನ್‌ಎಸ್‌1ಗೆ, ಇನ್ನೊಂದು ವೈರಸ್ ವಿರುದ್ಧ ನಮ್ಮ ದೇಹ ತಯಾರಿಸುವ ಐಜಿಎಂ ಮತ್ತು ಐಜಿಜಿ ಎಂಬ ಪ್ರತಿಕಾಯಗಳಿಗೆ. ಜೊತೆಗೆ ಡ್ರಾಪರ್, ಸಿಲಿಕಾ ಜೆಲ್ ಪುಡಿಕೆ, ಬಫರ್ ಬಾಟಲಿ. ನಾನು ಈಗ ಬಳಸುವುದರಲ್ಲಿ ಎನ್‌ಎಸ್‌1 ಕಡೆಗೆ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಮೂರು ಹನಿ. ಇನ್ನೊಂದು ಕಡೆಗೆ ಹತ್ತು ಮೈಕ್ರೋಲೀಟರ್ ಸೀರಂ, ಅದರ ಮೇಲೆ ಬಫರ್. ಹದಿನೈದರಿಂದ ಇಪ್ಪತ್ತು ನಿಮಿಷದೊಳಗೆ ಓದಬೇಕು. ಆಮೇಲೆ ಮೂಡುವ ಗೆರೆಯನ್ನು ನಂಬುವ ಹಾಗಿಲ್ಲ. ಕಾರ್ಡ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ ಬರದಿದ್ದರೆ ಆ ಕಾರ್ಡ್ ಕಸಕ್ಕೆ. ಮೆಷಿನ್ ಬೇಡ, ಕರೆಂಟ್ ಬೇಡ. ರಕ್ತ ತೆಗೆದ ಒಂದು ಗಂಟೆಯೊಳಗೆ ಡಾಕ್ಟರ್ ಕೈಗೆ ರಿಪೋರ್ಟ್ ಸಿಗುತ್ತದೆ. ರಾತ್ರಿ ಹೊತ್ತು ಸುಡುವ ಜ್ವರದ ಮಗು ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಯಾವ ಗೆರೆ ಯಾವಾಗ ಬರುತ್ತದೆ ಅನ್ನುವುದು ಮುಖ್ಯ. ಎನ್‌ಎಸ್‌1 ವೈರಸ್ಸಿನದೇ ಪ್ರೋಟೀನ್. ಜ್ವರದ ಮೊದಲ ದಿನದಿಂದ ಸುಮಾರು ಐದು ದಿನ ಚೆನ್ನಾಗಿ ಸಿಗುತ್ತದೆ. ಐಜಿಎಂ ನಾಲ್ಕೈದು ದಿನ ಕಳೆದ ಮೇಲೆ ಕಾಣಿಸಿಕೊಂಡು ಎರಡು ಮೂರು ತಿಂಗಳು ಉಳಿಯಬಹುದು. ಐಜಿಜಿ ವರ್ಷಗಟ್ಟಲೆ ಇರುತ್ತದೆ. ಎರಡನೇ ಸಲ ಡೆಂಗಿ ಬಂದವರಲ್ಲಿ ಎನ್‌ಎಸ್‌1 ಗೆರೆ ತಪ್ಪಿಹೋಗುವುದು ಜಾಸ್ತಿ. ಹಾಗಾಗಿ ಜ್ವರ ಯಾವತ್ತು ಶುರುವಾಯಿತು ಅಂತ ಕೇಳದೆ ಈ ಕಾರ್ಡ್ ಹಾಕುವುದೇ ತಪ್ಪು. ನಾನು ಆ ತಾರೀಕನ್ನು ರಿಪೋರ್ಟ್ ಮೇಲೇ ಬರೆಯುತ್ತೇನೆ.

ಹೋದ ಮಳೆಗಾಲ ಒಬ್ಬರು ಮಗಳನ್ನು ಕರೆತಂದಿದ್ದರು. ಎನ್‌ಎಸ್‌1 ಇಲ್ಲ, ಐಜಿಎಂ ಇಲ್ಲ, ಐಜಿಜಿ ಕಡೆ ಮಾತ್ರ ತೆಳ್ಳಗೆ ಗುಲಾಬಿ ಗೆರೆ. ಆ ತಾಯಿ ಕೌಂಟರ್ ಮೇಲೆ ಬಗ್ಗಿ ನೋಡಿ, ‘ಮೇಡಂ, ಗೆರೆ ಬಂದೈತಲ್ಲ, ಡೆಂಗಿನೇ ಅಲ್ವಾ?’ ಎಂದು ಅಳುವುದಕ್ಕೇ ಶುರು ಮಾಡಿದರು. ‘ಇಲ್ಲಕ್ಕ, ಈ ಗೆರೆ ಒಂದೇ ನೋಡಿ ಈಗಿನ ಜ್ವರ ಡೆಂಗಿ ಅನ್ನೋಕಾಗಲ್ಲ. ಹಿಂದೆ ಯಾವಾಗಲೋ ಬಂದು ಹೋಗಿರಬಹುದು. ಡಾಕ್ಟ್ರಿಗೆ ತೋರಿಸಿ, ಅವರು ನೋಡಿ ಹೇಳ್ತಾರೆ’ ಅಂದೆ. ‘ಇವಳಿಗೆ ಯಾವತ್ತೂ ಬಂದಿಲ್ವಲ್ಲಾ’ ಅಂದರು. ಬಂದರೂ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಎರಡು ದಿನದ ಮೈಕೈ ನೋವು, ಒಂದು ಪ್ಯಾರಾಸಿಟಮಾಲ್, ಅಲ್ಲಿಗೆ ಮುಗಿಯಿತು.

ನನಗೆ ಈ ಕಾರ್ಡಿನ ಮೇಲೆ ಇರುವ ದೊಡ್ಡ ಚಿಂತೆ ಇಲ್ಲಿಂದಲೇ ಶುರುವಾಗುತ್ತದೆ. ನಮ್ಮಲ್ಲಿ ಡೆಂಗಿ ಎಷ್ಟಿದೆ? 2023ರಲ್ಲಿ ದೇಶದ ಸರ್ಕಾರಿ ಲೆಕ್ಕ ಸುಮಾರು 2.89 ಲಕ್ಷ ಕೇಸ್. ಆದರೆ 2017-18ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್)ಯವರು 15 ರಾಜ್ಯಗಳಲ್ಲಿ ಮನೆ ಮನೆಗೆ ಹೋಗಿ, 5ರಿಂದ 45 ವರ್ಷದೊಳಗಿನ 12,300 ಜನರ ರಕ್ತದಲ್ಲಿ ಇದೇ ಐಜಿಜಿ ಹುಡುಕಿದರು. ಶೇ 48.7ರಷ್ಟು ಜನರಿಗೆ ಹಿಂದೆ ಡೆಂಗಿ ಸೋಂಕು ತಗುಲಿತ್ತು. ದಕ್ಷಿಣದಲ್ಲಿ ಶೇ 76.9. ಅಂದರೆ ನಾಲ್ವರಲ್ಲಿ ಮೂವರು! ಮಧುರೈ ಜಿಲ್ಲೆಯ ಅಧ್ಯಯನವನ್ನು ಆಧಾರ ಮಾಡಿಕೊಂಡು 2014ರಲ್ಲಿ ಬಂದ ಇನ್ನೊಂದು ಲೆಕ್ಕದ ಪ್ರಕಾರ, 2006ರಿಂದ 2012ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಲಕ್ಷದಷ್ಟು ಜನ ಡೆಂಗಿ ಜ್ವರಕ್ಕೆ ವೈದ್ಯರ ಹತ್ತಿರ ಹೋಗಿದ್ದಾರೆ. ಸರ್ಕಾರದ ಪುಸ್ತಕದಲ್ಲಿ ಸೇರಿದ್ದಕ್ಕಿಂತ ಅದು 282 ಪಟ್ಟು ಜಾಸ್ತಿ.

ಉಳಿದವರೆಲ್ಲ ಎಲ್ಲಿ ಹೋದರು? ತುಂಬಾ ಜನ ಟೆಸ್ಟೇ ಮಾಡಿಸಲಿಲ್ಲ. ಮಾಡಿಸಿದವರಲ್ಲೂ ಎಷ್ಟೋ ಜನ ನನ್ನಂಥ ಲ್ಯಾಬಿನ ಕಾರ್ಡ್‌ನಲ್ಲೇ ನಿಂತುಬಿಟ್ಟರು. ಯಾಕಂದರೆ ಕಾರ್ಡ್ ಪಾಸಿಟಿವ್ ಬಂದರೆ ಸರ್ಕಾರ ಅದನ್ನು ಖಚಿತ ಕೇಸ್ ಎಂದು ಎಣಿಸುವುದಿಲ್ಲ. ಐದು ದಿನದೊಳಗಿನ ಜ್ವರಕ್ಕೆ ಎನ್‌ಎಸ್‌1 ಎಲೈಸಾ, ಆಮೇಲೆ ಐಜಿಎಂ ಎಲೈಸಾ, ಇವೆರಡರಲ್ಲಿ ಒಂದು ಪಾಸಿಟಿವ್ ಆಗಬೇಕು. ಎಲೈಸಾ ಅಂದರೆ ಇದೇ ಗುರುತುಗಳನ್ನು ಮೆಷಿನ್‌ನಲ್ಲಿ ಅಳೆದು ನೋಡುವ ಲ್ಯಾಬ್ ಪರೀಕ್ಷೆ. ಐಜಿಎಂ ಎಲೈಸಾ ಕಿಟ್ ಪುಣೆಯ ವೈರಾಣು ಸಂಸ್ಥೆಯಿಂದ ಸೆಂಟಿನೆಲ್ ಲ್ಯಾಬ್‌ಗಳಿಗೆ (ಡೆಂಗಿ ಪರೀಕ್ಷೆಗೆಂದು ಸರ್ಕಾರ ಗುರುತಿಸಿದವು) ಬರುತ್ತದೆ. 96 ಗುಳಿಯ ಪ್ಲೇಟು, ರೀಡರ್ ಮೆಷಿನ್, ಗಂಟೆಗಟ್ಟಲೆ ಕೆಲಸ. ಪ್ರತಿ ಸಲವೂ ತಾಳೆ ನೋಡಲು ಕಂಟ್ರೋಲ್ ಸ್ಯಾಂಪಲ್ ಹಾಕಬೇಕು, ಹಾಗಾಗಿ ಒಂದೆರಡು ಸ್ಯಾಂಪಲ್‌ಗೆ ಪ್ಲೇಟ್ ಹಚ್ಚುವುದಿಲ್ಲ, ಒಂದಷ್ಟು ಸೇರುವವರೆಗೆ ಕಾಯುತ್ತಾರೆ.

ಕಾರ್ಡನ್ನು ಯಾಕೆ ಎಣಿಸುವುದಿಲ್ಲ ಅಂತ ನನ್ನ ಹತ್ತಿರ ತುಂಬಾ ಜನ ಸಿಟ್ಟು ಮಾಡಿಕೊಳ್ಳುತ್ತಾರೆ. ಕೇಸ್ ಮುಚ್ಚಿಡೋಕೆ ಅಂತ ಅವರ ಅನುಮಾನ. ನನಗೆ ಹಾಗನ್ನಿಸುವುದಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ಕಾರ್ಡ್ ನಿಜವಾದ ನೂರು ಡೆಂಗಿಯಲ್ಲಿ 80 ಹಿಡಿಯುತ್ತದೆ, ಡೆಂಗಿ ಇಲ್ಲದ ನೂರು ಜನರಲ್ಲಿ 5 ಜನಕ್ಕೆ ಸುಳ್ಳು ಗೆರೆ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ 1,000 ಜ್ವರದವರಲ್ಲಿ 20 ಜನಕ್ಕೆ ಮಾತ್ರ ಡೆಂಗಿ ಇದ್ದರೆ, ನಿಜವಾದ ಗೆರೆ 16, ಸುಳ್ಳು ಗೆರೆ 49. ಮಳೆಗಾಲದಲ್ಲಿ ಅದೇ 1,000ದಲ್ಲಿ 300 ಜನಕ್ಕೆ ಡೆಂಗಿ ಇದ್ದರೆ, ನಿಜ 240, ಸುಳ್ಳು 35. ಕಾರ್ಡ್ ಅದೇ, ಗೆರೆಯೂ ಅದೇ. ಆದರೆ ಒಂದು ಕಾಲದಲ್ಲಿ ಗೆರೆ ಬಂದವರಲ್ಲಿ ಮುಕ್ಕಾಲು ಪಾಲು ಡೆಂಗಿ ಅಲ್ಲ, ಇನ್ನೊಂದು ಕಾಲದಲ್ಲಿ ಎಂಟರಲ್ಲಿ ಏಳು ಡೆಂಗಿಯೇ. ಡಾಕ್ಟರ್ ರೋಗಿಯನ್ನು ಮುಟ್ಟಿ ನೋಡಿ ಇದನ್ನು ಸರಿದೂಗಿಸಬಲ್ಲರು. ಬರೀ ಗೆರೆ ಕೂಡಿಸಿ ಜಿಲ್ಲೆಯ ಅಂಕಿ ಮಾಡಿದರೆ ಅದು ದಾರಿ ತಪ್ಪಿಸುತ್ತದೆ.

ಹಾಗಂತ ಕಾರ್ಡಿನ ಫಲಿತಾಂಶ ಗಾಳಿಗೆ ಹೋಗಬಾರದು. ಕೇಂದ್ರದ ರೋಗ ಕಣ್ಗಾವಲು ಯೋಜನೆ 2004ರಿಂದಲೇ ಇದೆ. ಆರೋಗ್ಯ ಕಾರ್ಯಕರ್ತೆಯರಿಗೆ ಎಸ್ ಫಾರಂ, ವೈದ್ಯರಿಗೆ ಪಿ ಫಾರಂ, ಲ್ಯಾಬ್‌ಗೆ ಎಲ್ ಫಾರಂ. ಈಗ ಅದೆಲ್ಲ ಆನ್‌ಲೈನ್. ನಾನು ಗೆರೆ ಬಂದವರ ಹೆಸರು, ಊರು ತಿಳಿಸಿ, ಉಳಿದ ಸೀರಂ ಅನ್ನು ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಎಲೈಸಾಗೆ ಕಳಿಸಿಕೊಡುತ್ತೇನೆ. ಗೆರೆ ಬಾರದವರ ಲೆಕ್ಕವನ್ನೂ ಬರೆದಿಡುತ್ತೇನೆ. ಎಷ್ಟು ಜನರ ರಕ್ತ ನೋಡಿದೆವು ಅಂತ ಗೊತ್ತಿಲ್ಲದೆ, ಎಷ್ಟು ಪಾಸಿಟಿವ್ ಬಂತು ಅಂದರೆ ಏನರ್ಥ? ಕೇಸ್ ಏರಿತೋ, ಟೆಸ್ಟ್ ಏರಿತೋ ಹೇಳುವುದು ಹೇಗೆ? ಈ ಒಂದು ಕಾಲಂ ಎಲ್ಲ ಖಾಸಗಿ ಲ್ಯಾಬ್‌ನವರೂ ತುಂಬಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಈ ಲೆಕ್ಕ ಸುಮ್ನೆ ಫೈಲಿಗಲ್ಲ. ಒಂದು ಕೇಸ್ ತಿಳಿದರೆ ಆಶಾ ಅಕ್ಕಂದಿರು ಆ ಮನೆಯ ಸುತ್ತ ತೊಟ್ಟಿ, ಡ್ರಮ್ಮು ನೋಡಿ ಲಾರ್ವಾ ಹುಡುಕುತ್ತಾರೆ. ಲಸಿಕೆಗೂ ಇದು ಬೇಕು. ಫಿಲಿಪ್ಪೀನ್ಸ್‌ನಲ್ಲಿ 2016ರಿಂದ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗ್‌ವ್ಯಾಕ್ಸಿಯಾ ಹಾಕಿದ್ದರು. ಮೊದಲು ಡೆಂಗಿ ಬಾರದವರಿಗೆ ಆ ಲಸಿಕೆಯಿಂದ ಕಾಯಿಲೆ ಜೋರಾಗುವ ಅಪಾಯ ಇದೆ ಎಂದು 2017ರ ಕೊನೆಗೆ ಕಂಪನಿಯೇ ಹೇಳಿತು, ಅಲ್ಲಿನ ಸರ್ಕಾರ ನಿಲ್ಲಿಸಿತು. ಯಾವ ವಯಸ್ಸಿನೊಳಗೆ ಎಷ್ಟು ಜನಕ್ಕೆ ಸೋಂಕು ತಗುಲಿ ಹೋಗಿದೆ ಅನ್ನುವುದು ಮಕ್ಕಳ ಜೀವದ ಪ್ರಶ್ನೆ.

ಇನ್ನು ಕೊಳ್ಳುವವರಿಗೆ ಎರಡು ಮಾತು. ಬಾಕ್ಸ್ ಮೇಲೆ 30 ಡಿಗ್ರಿ ಒಳಗೆ ಇಡಿ ಎಂದಿದ್ದರೆ ಅದನ್ನು ಪಾಲಿಸಿ. ಒಮ್ಮೆ ಒಬ್ಬ ಡೀಲರ್ ಕಡೆಯಿಂದ ಬಂದ ಬಾಕ್ಸ್ ಬಿಸಿಲಲ್ಲಿ ನಿಂತ ವ್ಯಾನಿನಿಂದ ಇಳಿಯಿತು. ಕೈಗೆ ಬಿಸಿ ತಾಗುತ್ತಿತ್ತು, ವಾಪಸ್ ಕಳಿಸಿದೆ. ಸಿಲಿಕಾ ಜೆಲ್ ಬಣ್ಣ ಬದಲಾಗಿದ್ದರೆ ಆ ಪೌಚ್ ಬೇಡ. ಒಳಗಿನ ಚೀಟಿ ಬರೀ ಇಂಗ್ಲಿಷ್‌ನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಕನ್ನಡದಲ್ಲೂ ಒಂದು ಚೀಟಿ ಹಾಕಿದರೆ ತಾಲ್ಲೂಕಿನ ಲ್ಯಾಬ್ ಹುಡುಗ ಹುಡುಗಿಯರಿಗೆ ತುಂಬಾ ಉಪಕಾರ.

ರೋಗಿಯ ದೃಷ್ಟಿಯಿಂದ ಐದಕ್ಕೆ ನಾಲ್ಕು ಕೊಡುತ್ತೇನೆ. ದೇಶದ ಲೆಕ್ಕಕ್ಕೆ ಒಂದೂವರೆ. 2024ರ ಜುಲೈನಲ್ಲಿ ನಮ್ಮ ರಾಜ್ಯ ಸರ್ಕಾರ ಖಾಸಗಿಯವರಿಗೆ ದರ ಕಟ್ಟಿತು: ಈ ಕಾರ್ಡ್‌ಗೆ 250 ರೂಪಾಯಿ, ಎನ್‌ಎಸ್‌1 ಎಲೈಸಾಗೆ 300, ಐಜಿಎಂ ಎಲೈಸಾಗೆ 300. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಾರ್ಡಿನಲ್ಲಿ ಗೆರೆ ಬಂದರೆ ‘ಎಲೈಸಾಗೆ ಕಳಿಸ್ತೀರಾ?’ ಎಂದು ಲ್ಯಾಬ್‌ನವರನ್ನು ಕೇಳಿ. ಕಳಿಸಲ್ಲ ಅಂದರೆ ಆ ರಿಪೋರ್ಟ್ ಹಿಡಿದು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ರಕ್ತ ಕೊಡಿ.