ಗುತ್ತಿನ ಮನೆ ಟೂರ್‌ಗೆ ಅಡ್ವಾನ್ಸ್ ಹಾಕುವ ಮೊದಲು ಓದಿ

ಹಳೇ ಹಂಚಿನ ಕಾರ್ಖಾನೆ, ಗುತ್ತಿನ ಮನೆ (ತುಳುನಾಡಿನ ಹಳೇ ದೊಡ್ಡ ಮನೆತನದ ಮನೆ), ಮೂಡುಬಿದಿರೆಯ ಚೌಟರ ಅರಮನೆ, ಎಲ್ಲಾ ಒಂದೇ ದಿನದಲ್ಲಿ ಅಂತ ವಾಟ್ಸಾಪ್‌ನಲ್ಲಿ ಪೋಸ್ಟರ್ ಬಂದರೆ ತಕ್ಷಣ ದುಡ್ಡು ಹಾಕಬೇಡಿ. ನಾನು ಹಾಕಿದೆ. ದೊಡ್ಡಮ್ಮನ ಮನೆಯವರು ಬೆಂಗಳೂರಿನಿಂದ ಬಂದಿದ್ದರು. ನಾವು ಆರು ಜನ, ತಲಾ 1,800 ರೂಪಾಯಿ, ಪೂರ್ತಿ ಮುಂಗಡ.

ಬೆಳಿಗ್ಗೆ ನೇತ್ರಾವತಿ ದಡದ ಒಂದು ಕಾರ್ಖಾನೆ. ಭಾನುವಾರ ಅಲ್ವಾ, ಗೇಟಿಗೆ ಬೀಗ. ನಾವು ಬರುವ ವಿಷಯ ವಾಚ್‌ಮನ್‌ಗೂ ಗೊತ್ತಿಲ್ಲ. ಗೈಡ್ ಹೊರಗಿನಿಂದಲೇ ಚಿಮಣಿ ತೋರಿಸಿ, ಹಂಚು ಮಾಡಲು ಶುರು ಮಾಡಿದ್ದೇ ಬ್ರಿಟಿಷರು ಅಂದ. ಅಲ್ಲ ಮಾರಾಯ್ರೆ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಹಾಕಿದ್ದು ಬಾಸೆಲ್ ಮಿಷನ್‌ನವರು, ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯ ಕ್ರೈಸ್ತ ಮಿಷನರಿಗಳು. ಬ್ರಿಟಿಷರು ಮೊದಲ ಮಹಾಯುದ್ಧದ ಹೊತ್ತಿಗೆ ಅವರ ಕೈಯಿಂದ ಕಿತ್ತುಕೊಂಡರು, ಅಷ್ಟೇ. ಅಜ್ಜನ ಮನೆಯ ಹಂಚು ಮಗುಚಿ ನೋಡಿದ್ದರೂ ಸಾಕಿತ್ತು, ಅದರಲ್ಲೇ ಹೆಸರು ಅಚ್ಚು ಹಾಕಿದೆ.

ಅದಾದರೂ ಹೋಗಲಿ. ಆಮೇಲೆ ಆದದ್ದು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಗುತ್ತಿನ ಮನೆಯ ಅಂಗಳಕ್ಕೆ ನಮ್ಮ ವ್ಯಾನ್ ನುಗ್ಗಿದಾಗ ಅಲ್ಲಿ ದೈವದ ತಂಬಿಲ, ಅಂದರೆ ಮನೆಯ ದೈವಕ್ಕೆ ಮಾಡುವ ಪೂಜೆ, ನಡೆಯುತ್ತಿತ್ತು! ಯಾರೂ ಅವರನ್ನು ಕೇಳಿಯೇ ಇರಲಿಲ್ಲ. ಗೈಡ್ "ಬನ್ನಿ ಬನ್ನಿ" ಅಂತ ಚಪ್ಪಲಿಯಲ್ಲೇ ಚಾವಡಿ ಹತ್ತಿದ, ಅವನ ಹಿಂದೆ ನಾವೂ. ನಮ್ಮ ಜೊತೆ ಬಂದಿದ್ದ ಇನ್ನೊಂದು ಮನೆಯ ಹುಡುಗ ಓಡಿಹೋಗಿ ಉಜ್ಜಾಲಿನ ಮೇಲೆ ಕೂತೇಬಿಟ್ಟ. ಅದು ದೈವದ ಉಯ್ಯಾಲೆ, ಆ ಮನೆಯವರೇ ಅದರ ಮೇಲೆ ಕೂರುವುದಿಲ್ಲ. ಎಲ್ಲರೂ ಸುಮ್ಮನಾದರು. ಒಳಗಿನಿಂದ ಬಂದ ಅಜ್ಜಿ ಹುಡುಗನ ಕೈ ಹಿಡಿದು ಮೆಲ್ಲಗೆ ಇಳಿಸಿ, ನಮ್ಮ ಕಡೆ ತಿರುಗಿ ತುಳುವಿನಲ್ಲಿ "ಈರ್ ಏರ್?" (ನೀವು ಯಾರು?) ಅಂದರು. ಏನು ಹೇಳುವುದು? ಗೈಡ್ ಆಗಲೇ ಫೋನ್ ಹಿಡಿದುಕೊಂಡು ಗೇಟಿನಾಚೆ. ಇಷ್ಟಾದರೂ ಅಜ್ಜಿ ನಮಗೆಲ್ಲ ಬೆಲ್ಲ, ನೀರು ಕೊಟ್ಟೇ ಕಳಿಸಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂಡುಬಿದಿರೆಗೆ ಟೈಮ್ ಇಲ್ಲ ಅಂತ ಅವನೇ ಕ್ಯಾನ್ಸಲ್ ಮಾಡಿದ. ಒಂಬತ್ತು ಹೆಂಗಸರು ಸೇರಿ ಆನೆಯಾಗಿರುವ ನವನಾರಿ ಕುಂಜರದ ಕೆತ್ತನೆ ನೋಡಬೇಕು ಅಂತ ದೊಡ್ಡಮ್ಮ ಆ ಬಿಸಿಲಲ್ಲಿ ಮಂಡಿ ನೋವು ತಡೆದುಕೊಂಡು ಬಂದಿದ್ದರು.

ಹಾಗಾಗಿ, ದುಡ್ಡು ಹಾಕುವ ಮೊದಲು ಆ ಮನೆಯವರ ಜೊತೆ ನೀವೇ ಒಮ್ಮೆ ಮಾತಾಡಿ. ಗುತ್ತಿನ ಮನೆ ಮ್ಯೂಸಿಯಂ ಅಲ್ಲ, ಅಲ್ಲಿ ಜನ ಇದ್ದಾರೆ. ಕಾರ್ಖಾನೆ ಆದರೆ ಒಳಗೆ ಬಿಡುತ್ತಾರಾ, ಭಾನುವಾರ ತೆರೆದಿರುತ್ತದಾ ಅಂತ ಕೇಳಿ. ಸುಮ್ನೆ ಹಳೇ ಮನೆ ನೋಡಬೇಕು ಅಂದರೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ಬೇರೆ ಬೇರೆ ಊರಿನ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ, ಯಾರ ತಂಬಿಲವೂ ಕೆಡುವುದಿಲ್ಲ.

ದುಡ್ಡು ವಾಪಸ್ ಕೇಳಿದ್ದಕ್ಕೆ "ನಾಳೆ ಹಾಕ್ತೇನೆ ಸರ್" ಅಂದಿದ್ದ. ಎರಡು ವಾರ ಆಯಿತು. ಈಗ ಅವನ ಡಿಪಿಯೂ ಕಾಣುತ್ತಿಲ್ಲ.