ಎಣ್ಣೆ ದಾರಿಯಲ್ಲಿ ಆರು ವರ್ಷ: ಆಂಡಲೂಸಿಯಾದ ಆಲಿವ್ ತೋಟಗಳ ನಡುವೆ ಸೈಕಲ್ ತುಳಿದವನ ಅನುಭವ

ನೆಗ್ಗಿಲು ಮುಳ್ಳಿನಿಂದ ಶುರು ಮಾಡುತ್ತೇನೆ. 2019ರ ಅಕ್ಟೋಬರ್‌ನಲ್ಲಿ ಮೊದಲ ಸಲ ಈ ದಾರಿಗೆ ಹೋದಾಗ ಲುಸೇನಾ ಊರು ದಾಟಿ ಅರ್ಧ ಗಂಟೆಯೂ ಆಗಿರಲಿಲ್ಲ, ಹಿಂದಿನ ಚಕ್ರದ ಗಾಳಿ ಇಳಿದುಹೋಯಿತು. ಟೈರು ಬಿಚ್ಚಿ ಒಳಗೆ ಬೆರಳಾಡಿಸಿದರೆ ಸಿಕ್ಕಿದ್ದು ಹೊಸದುರ್ಗದ ನಮ್ಮ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುತ್ತಿದ್ದ ಅದೇ ಮುಳ್ಳು. ಇಲ್ಲಿಯವರು ಅಬ್ರೊಹೊ ಅನ್ನುತ್ತಾರೆ, ಗಿಡ ಒಂದೇ. ಆ ದಿನ ಮೂರು ಪಂಕ್ಚರ್ ಆಯಿತು. ಆದರೂ ಸಂಜೆ ಮಾಲಗಾಕ್ಕೆ ವಾಪಸ್ ಕಾರು ಓಡಿಸುವಾಗ ಮುಂದಿನ ಶನಿವಾರ ಯಾವಾಗ ಬರುತ್ತದೋ ಎನ್ನುವುದೊಂದೇ ತಲೆಯಲ್ಲಿತ್ತು. ಕೆಲಸದ ಮೇಲೆ ಸ್ಪೇನಿಗೆ ಬಂದು ಆಗ ನಾಲ್ಕೇ ತಿಂಗಳು. ಅಲ್ಲಿಂದೀಚೆಗೆ ನಲವತ್ತಕ್ಕೂ ಹೆಚ್ಚು ಸಲ ಹೋಗಿದ್ದೇನೆ. ಒಂದು ರಜೆಯಲ್ಲಿ ಹೋಗಿಬಂದು ಬರೆದದ್ದಲ್ಲ ಎಂದು ತಿಳಿಯಲಿ ಅಂತ ಇಷ್ಟು ಹೇಳಿದೆ.

ದಾರಿಯ ಹೆಸರು ವಿಯಾ ವೆರ್ದೆ ದೆಲ್ ಅಸೆಯ್ತೆ, ಎಂದರೆ ಎಣ್ಣೆಯ ಹಸಿರು ದಾರಿ. ಸ್ಪೇನಿನ ದಕ್ಷಿಣದಲ್ಲಿ, ಆಂಡಲೂಸಿಯಾದ ಹಯೇನ್ ನಗರದಿಂದ ಪುವೆಂತೆ ಹೆನಿಲ್ ಕಡೆಗೆ ಸುಮಾರು 128 ಕಿ.ಮೀ. 19ನೇ ಶತಮಾನದ ಕೊನೆಯಲ್ಲಿ ಹಾಕಿದ ರೈಲು ಮಾರ್ಗ ಇದು. ಲಿನಾರೆಸ್ ಗಣಿಗಳ ಸೀಸ, ಹಯೇನ್ ಸೀಮೆಯ ಎಣ್ಣೆ ಇದರ ಮೇಲೆ ಸಾಗಿ ಮಾಲಗಾ ಬಂದರಿಗೆ ಇಳಿಯುತ್ತಿತ್ತು. 1980ರ ದಶಕದ ನಡುವೆ ರೈಲು ನಿಂತಿತು. ಪಾಳುಬಿದ್ದ ರೈಲು ಹಾದಿಗಳನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡುವ ಕಾರ್ಯಕ್ರಮವನ್ನು ಸ್ಪೇನ್ 1993ರಲ್ಲಿ ಆರಂಭಿಸಿತು. ಇವತ್ತು ದೇಶದಲ್ಲಿ ಇಂಥ ಹಾದಿ 3,000 ಕಿ.ಮೀ. ದಾಟಿದೆ. ಟಿಕೆಟ್ ಇಲ್ಲ, ಹೆಸರು ಬರೆಸಬೇಕಿಲ್ಲ. ತೋಟಕ್ಕೆ ಹೋಗುವ ಟ್ರ್ಯಾಕ್ಟರ್ ಆಗೊಂದು ಈಗೊಂದು ಅಡ್ಡ ಬಂದರೆ ಬಂತು, ಉಳಿದಂತೆ ಮೋಟಾರಿನ ಸದ್ದೇ ಇಲ್ಲ.

ಇದರ ದೊಡ್ಡ ಗುಣವೆಂದರೆ ಉಗಿಬಂಡಿ ಏರಬಲ್ಲಷ್ಟೇ ಏರು. ಬೆಟ್ಟದ ಮಗ್ಗುಲಲ್ಲಿ ನಿಧಾನವಾಗಿ ಬಳಸಿಕೊಂಡು, ಹಳ್ಳ ಬಂದಲ್ಲಿ ಕಬ್ಬಿಣದ ಸೇತುವೆ ದಾಟಿ, ಗುಡ್ಡ ಅಡ್ಡ ಬಂದಲ್ಲಿ ಸುರಂಗ ಹೊಕ್ಕು ದಾರಿ ಸಾಗುತ್ತದೆ. ಕಾಬ್ರಾದಿಂದ ದೋನ್ಯಾ ಮೆನ್ಸಿಯಾ ಕಡೆಗೆ ಹೋಗುವಾಗ ಹತ್ತುತ್ತಿದ್ದೇವೆ ಎಂದು ಗೊತ್ತಾಗುವುದು ತೊಡೆಗಷ್ಟೇ, ಕಣ್ಣಿಗಲ್ಲ. ಬಲಗಡೆ ಸುಬ್ಬೇತಿಕಾ ಬೆಟ್ಟಗಳ ಬೂದು ಬಂಡೆ, ಎಡಗಡೆ ಇಳಿದು ಹೋಗುವ ಆಲಿವ್ ಸಾಲು. ಕೊರ್ದೊಬಾ, ಹಯೇನ್ ಪ್ರಾಂತ್ಯಗಳ ಗಡಿಯಲ್ಲಿ ಗ್ವಾದಹೋಸ್ ನದಿಯ ಮೇಲಿನ ಸೇತುವೆ 200 ಮೀಟರಿಗೂ ಉದ್ದ. ನಡುವೆ ನಿಂತು ಎರಡೂ ಕಡೆ ನೋಡಿದರೆ ಮರ ಬಿಟ್ಟು ಬೇರೇನೂ ಕಾಣದು. ಹಯೇನ್ ಒಂದೇ ಪ್ರಾಂತ್ಯದಲ್ಲಿ 6 ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ ಎಂದು ಓದಿದ್ದೆ. ಆ ಸಂಖ್ಯೆ ಎಷ್ಟು ದೊಡ್ಡದೆಂದು ತಿಳಿದದ್ದು ಆ ಸೇತುವೆಯ ಮೇಲೆ.

ನನ್ನಾಕೆ ಸೈಕಲ್ ಕಲಿತದ್ದೇ ಇಲ್ಲಿ, 2021ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ. ಅವಳು ಚಿಕ್ಕವಳಿದ್ದಾಗ ಮನೆಯಲ್ಲಿ ಇದ್ದದ್ದು ಒಂದೇ ಸೈಕಲ್, ಅದು ಅಣ್ಣನದು. "ರೀ, ಹಿಂದೆ ಹಿಡ್ಕೊಂಡಿದೀರಾ?" ಎಂದು ಅವಳು ಕೂಗಿದಾಗ ನಾನು ಕೈಬಿಟ್ಟು ಆಗಲೇ ಐವತ್ತು ಮಾರು ಹಿಂದೆ ಉಳಿದಿದ್ದೆ. ಹಿಂದಿನಿಂದ ಹಾರ್ನ್ ಹೊಡೆಯುವವರಿಲ್ಲ, ಸಡನ್ನಾಗಿ ಎದುರಾಗುವ ಇಳಿಜಾರಿಲ್ಲ. ಬೀಳುವ ಭಯ ಇರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಆದರೆ ಹಸಿರು ದಾರಿಯಲ್ಲೇ ಉಳಿದರೆ ಅರ್ಧ ಊಟಕ್ಕೇ ಎದ್ದಂತೆ. ಮೊದಲ ಒಂದೂವರೆ ವರ್ಷ ನಾನು ಮಾಡಿದ್ದು ಅದನ್ನೇ. ನಿಜವಾದ ಸುಖ ಇರುವುದು ಈ ದಾರಿಯಿಂದ ಕವಲೊಡೆಯುವ ಡಾಂಬರಿನ ಸಣ್ಣ ರಸ್ತೆಗಳಲ್ಲಿ. ಹಳೆ ರೈಲು ಹಾದಿ ನಮ್ಮನ್ನು ಸುಸ್ತು ಮಾಡದೆ ಬೆಟ್ಟದ ಬುಡಕ್ಕೆ ತಂದು ಬಿಡುತ್ತದೆ, ಅಲ್ಲಿಂದ ಮೇಲಿನದು ನಮ್ಮ ಕಾಲಿನ ಪಾಡು. ಸುವೇರೊಸ್ ಎಂಬ ಸುಣ್ಣದ ಗೋಡೆಗಳ ಹಳ್ಳಿ ಬಂಡೆಗೆ ಒರಗಿಕೊಂಡು ಕೂತಿದೆ, ನೆತ್ತಿಯ ಮೇಲೊಂದು ಕೋಟೆ. ಅಲ್ಲಿಂದ ಬಾವಲಿಗಳ ಗವಿಗೆ ಸುಮಾರು 4 ಕಿ.ಮೀ. ಘಾಟಿ ರಸ್ತೆ. ಹಳ್ಳಿ ಬಿಟ್ಟ ಕೂಡಲೇ ಕಡೆಯ ಗೇರ್ ಕೇಳುವ ಏರು, ಉಸಿರಾಡಲು ಸಮತಟ್ಟು ಸಿಗುವುದು ಅಪರೂಪ. ಮೂರನೆಯ ತಿರುವಿನಲ್ಲಿ ನಿಂತರೆ ರಣಹದ್ದುಗಳು ನಮಗಿಂತ ಕೆಳಗೆ ಹಾರುತ್ತಿರುತ್ತವೆ. ಒಂದು ಬುಧವಾರ ಬೆಳಗ್ಗೆ ಹತ್ತಿ ಇಳಿಯುವಷ್ಟರಲ್ಲಿ ಎದುರಾದದ್ದು ಒಂದೇ ಒಂದು ಜೀಪು.

ಕಾಬ್ರಾದಿಂದ ವಿರ್ಹೆನ್ ದೆ ಲಾ ಸಿಯೆರಾ ಗುಡಿಗೆ ಹತ್ತುವುದು ಇನ್ನೊಂದು. ಗುಡಿ ಇರುವುದು 1,200 ಮೀಟರ್ ಎತ್ತರದಲ್ಲಿ, ಮೋಡ ಇಲ್ಲದ ಚಳಿಗಾಲದ ದಿನ ಸಿಯೆರಾ ನೆವಾದಾ ಪರ್ವತಗಳ ಹಿಮ ಕಾಣುತ್ತದೆ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಪ್ರಿಯೇಗೊ ಊರಿಗೆ ಇಳಿದು, ಫುವೆಂತೆ ದೆಲ್ ರೇ ಕಾರಂಜಿಯ 139 ಬಾಯಿಗಳಿಂದ ಬೀಳುವ ನೀರಿನ ಸದ್ದು ಕೇಳುತ್ತಾ ಅರ್ಧ ಗಂಟೆ ಕೂತು, ಸಗ್ರಿಯಾ ಕಡೆಯ ಕಿರಿರಸ್ತೆ ಹಿಡಿಯಿರಿ. ಹಯೇನ್ ತುದಿಯಲ್ಲಿ ಲಾ ಪಂದೇರಾ ಬೆಟ್ಟ ಇದೆ; ವುವೆಲ್ತಾ ಎಂಬ ಸ್ಪೇನಿನ ದೊಡ್ಡ ಸೈಕಲ್ ಪಂದ್ಯದಲ್ಲಿ, 2022ರಲ್ಲಿ, ಕರಪಾಸ್ ಎಂಬ ಸವಾರ ಒಂದು ದಿನದ ಹಂತ ಗೆದ್ದ ಏರು. ನಾನು ಒಮ್ಮೆ ಹತ್ತಿದ್ದೇನೆ. ಸಾಧಿಸಿದ ಸಮಾಧಾನ ಸಿಕ್ಕಿತು, ಆದರೆ ಮತ್ತೆ ಮತ್ತೆ ಕರೆಯುವುದು ಸುವೇರೊಸ್ ಮಾತ್ರ.

ರಸ್ತೆಯಲ್ಲಿ ಧೈರ್ಯ ಕೊಡುವ ಇನ್ನೊಂದು ಸಂಗತಿ: ಸೈಕಲ್ ದಾಟುವ ವಾಹನ ಕನಿಷ್ಠ 1.5 ಮೀಟರ್ ಅಂತರ ಬಿಡಬೇಕೆಂಬುದು ಇಲ್ಲಿಯ ಕಾನೂನು, ಮತ್ತು ಹಳ್ಳಿಗಾಡಿನಲ್ಲಿ ಜನ ಅದನ್ನು ಪಾಲಿಸುತ್ತಾರೆ. ಆಲಿವ್ ತುಂಬಿದ ಟ್ರೇಲರ್ ಎಳೆಯುತ್ತಿದ್ದ ಟ್ರ್ಯಾಕ್ಟರಿನವರು ತಿರುವು ಮುಗಿಯುವವರೆಗೂ ನಮ್ಮ ಹಿಂದೆ ತಾಳ್ಮೆಯಿಂದ ಬಂದದ್ದುಂಟು. ಊರಾಚೆಯ ರಸ್ತೆಯಲ್ಲಿ ಹೆಲ್ಮೆಟ್ ಕಡ್ಡಾಯ, ಮರೆಯಬೇಡಿ.

ಯಾವಾಗ ಹೋಗಬೇಕು? ಜುಲೈ, ಆಗಸ್ಟ್ ಬೇಡವೇ ಬೇಡ. 40 ಡಿಗ್ರಿ ದಾಟುವುದು ಮಾಮೂಲು, ಆಲಿವ್ ಮರದ ನೆರಳು ಮರದ ಬುಡಕ್ಕೇ ಸಾಲದು. ಮಾರ್ಚ್, ಏಪ್ರಿಲ್‌ನಲ್ಲಿ ಸಾಲುಗಳ ನಡುವೆ ಹುಲ್ಲು ಹೂ ಬಿಟ್ಟಿರುತ್ತದೆ, ಬೆಟ್ಟದಲ್ಲಿ ಜನ ಕಾಡು ಶತಾವರಿ ಚಿಗುರು ಕೀಳುತ್ತಿರುತ್ತಾರೆ. ಮೇ ತಿಂಗಳಲ್ಲಿ ಆಲಿವ್ ಹೂ. ನೋಡಲು ನಮ್ಮ ಬೇವಿನ ಹೂವಿನ ಹಾಗೆ ಸಣ್ಣದು, ಆದರೆ ಪರಾಗಕ್ಕೆ ಅಲರ್ಜಿ ಇರುವವರಿಗೆ ಕಷ್ಟ. ನನ್ನಾಕೆ ಆ ಮೂರು ವಾರ ಬರುವುದಿಲ್ಲ. ನನಗೆ ಹೆಚ್ಚು ಇಷ್ಟ ನವೆಂಬರ್‌ನಿಂದ ಫೆಬ್ರವರಿ, ಕೊಯ್ಲಿನ ಕಾಲ. ಮರದ ಬುಡಕ್ಕೆ ಬಲೆ ಹಾಸಿ, ಕಾಂಡವನ್ನು ಯಂತ್ರದಿಂದ ಗಡಗಡ ನಡುಗಿಸಿ, ಉಳಿದದ್ದನ್ನು ಉದ್ದ ಗಳದಿಂದ ಬಡಿದು ಉದುರಿಸುತ್ತಾರೆ. ಊರು ಹತ್ತಿರವಾಗುತ್ತಿದ್ದಂತೆ ಗಾಣಗಳ ಘಾಟು ಮೂಗಿಗೆ ಬಡಿಯುತ್ತದೆ. ಎಚ್ಚರ ಬೇಕಾದದ್ದೂ ಆಗಲೇ. ಟ್ರ್ಯಾಕ್ಟರ್ ಚಕ್ರದ ಜೇಡಿಮಣ್ಣು ಡಾಂಬರಿನ ಮೇಲೆ ಬಿದ್ದು, ಅದರ ಮೇಲೆ ಇಬ್ಬನಿ ಕೂತರೆ ತಿರುವಿನಲ್ಲಿ ಚಕ್ರ ಜಾರುತ್ತದೆ. 2023ರ ಜನವರಿಯಲ್ಲಿ ಹಾಗೆ ಬಿದ್ದು ನನ್ನ ಮೊಣಕೈ ಸೀಳಿತ್ತು. ಕೊಯ್ಲಿನವರೇ ಓಡಿಬಂದು ನೀರು ಹಾಕಿ ತೊಳೆದು, ಬಟ್ಟೆ ಕಟ್ಟಿ ಕಳಿಸಿದರು.

ಆ ವರ್ಷದ ಕೊಯ್ಲು ನೋಡಲಾಗುತ್ತಿರಲಿಲ್ಲ. ಬರದಿಂದ ಸ್ಪೇನಿನ ಎಣ್ಣೆ ಉತ್ಪಾದನೆ ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗಿಳಿದಿತ್ತು. ಬಲೆ ತುಂಬುವ ಮರಗಳು ಬುಟ್ಟಿ ತುಂಬಿಸಲೂ ಒದ್ದಾಡಿದವು. ಮಾರನೆಯ ವರ್ಷವೂ ಚೇತರಿಕೆ ಪೂರ್ತಿ ಆಗಲಿಲ್ಲ. 2024ರ ಫೆಬ್ರವರಿಯಲ್ಲಿ ಅಪ್ಪ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋದೆ. ಬಾಡಿಗೆಗೆ ಸಿಕ್ಕ ಮೊದಲ ಸೈಕಲ್ಲಿನ ಹಿಂದಿನ ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ, ಹಟ ಮಾಡಿ ಬೇರೆಯದು ತೆಗೆದುಕೊಂಡೆವು. ನೀವೂ ಹೊರಡುವ ಮುನ್ನ ಅಂಗಡಿ ಎದುರೇ ಎರಡು ಸುತ್ತು ಹೊಡೆದು ನೋಡಿ. ಅರವತ್ತೇಳರ ಅಪ್ಪ ಲೂಕೆ ಸ್ಟೇಷನ್‌ವರೆಗೆ ಆರಾಮಾಗಿ ತುಳಿದರು. ದಾರಿಯಲ್ಲಿ ಇಳಿದು ಎರಡು ಮರಗಳ ನಡುವೆ ಹೆಜ್ಜೆ ಹಾಕಿ ಅಳೆದು, "ನಮ್ ತೆಂಗಿಗೆ ಬಿಟ್ಟಷ್ಟೇ ಬಿಟ್ಟವ್ರಲ್ಲೋ, ಮೂವತ್ತಡಿ" ಎಂದರು. ಒಂದೇ ಪಾತಿಯಿಂದ ಮೂರು ಕಾಂಡ ಎದ್ದಿರುವುದನ್ನು ಮುಟ್ಟಿ ನೋಡಿದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ಕಣ್ಣಿಗ್ ಕಾಣೋವರ್ಗೂ ಒಂದೇ ಬೆಳೆ. ಮಳೆ ಕೈ ಕೊಟ್ರೆ ಏನ್ ಮಾಡ್ತಾರಪ್ಪಾ?" ಉತ್ತರ ನನ್ನಲ್ಲಿರಲಿಲ್ಲ.

ಊಟದ ವಿಷಯ. ನಾವು ಸಸ್ಯಾಹಾರಿಗಳು, ಇಲ್ಲಿ ಉಪವಾಸ ಬಿದ್ದಿಲ್ಲ. ಬೆಳಗ್ಗೆ ಸುಟ್ಟ ಬ್ರೆಡ್ಡಿನ ಮೇಲೆ ತುರಿದ ಟೊಮೆಟೊ, ಅದರ ಮೇಲೆ ಧಾರಾಳ ಎಣ್ಣೆ. ಮಧ್ಯಾಹ್ನ ಕರಿದ ಬದನೆಕಾಯಿ ಹೋಳಿನ ಮೇಲೆ ಕಬ್ಬಿನ ಪಾಕ ಸುರಿದು ಕೊಡುತ್ತಾರೆ. ಪಕ್ಕಾ ನಮ್ಮ ಜೋನಿಬೆಲ್ಲ. ಸಾಲ್ಮೊರೇಹೊ ಎಂಬ ತಣ್ಣನೆಯ ಟೊಮೆಟೊ ಗೊಜ್ಜಿಗೆ ಹಂದಿಮಾಂಸ, ಮೊಟ್ಟೆ ಉದುರಿಸಿರುತ್ತಾರೆ, ಮೊದಲೇ ಬೇಡ ಎನ್ನಬೇಕು. ನಾಲ್ಕು ಗಂಟೆಯ ಮೇಲೆ ಅಡುಗೆಮನೆ ಮುಚ್ಚುತ್ತದೆ, ಅಂಗಡಿಗಳಂತೂ ಎರಡಕ್ಕೇ ಬಾಗಿಲು ಎಳೆದಿರುತ್ತವೆ. ನವೆಂಬರ್‌ನ ಹೊಸ ಎಣ್ಣೆ ಹಸಿರಾಗಿರುತ್ತದೆ, ಪಿಕ್ವಾಲ್ ತಳಿಯದಾದರೆ ಗಂಟಲಲ್ಲಿ ಮೆಣಸಿನ ಕಾರ. ನಮ್ಮ ಮನೆಯಲ್ಲಿ ದೋಸೆಯ ಚಟ್ನಿಪುಡಿಗೆ ಈಗ ಇದೇ ಎಣ್ಣೆ.

ಕೊರತೆಗಳೂ ಇವೆ. ನೆಲ ಕೆಲವು ಕಡೆ ಡಾಂಬರು, ಹಲವು ಕಡೆ ಗಟ್ಟಿ ಜಲ್ಲಿಮಣ್ಣು. ಜೋರು ಮಳೆಯ ನಂತರ ಕೊರಕಲು ಬೀಳುತ್ತದೆ, ತೆಳು ಟೈರಿನ ರೇಸ್ ಸೈಕಲ್ ತರಬೇಡಿ. ನಾನು 35 ಮಿ.ಮೀ. ಟೈರಿಗೆ ಬದಲಾಯಿಸಿ, ಟ್ಯೂಬ್ ತೆಗೆದು, ಒಳಗೆ ರಂಧ್ರ ಮುಚ್ಚುವ ದ್ರವ ಹಾಕಿಸಿದೆ. ಅದಾದ ಮೇಲೆ ನಾಲ್ಕು ವರ್ಷದಲ್ಲಿ ನೆಗ್ಗಿಲು ಮುಳ್ಳು ನನ್ನನ್ನು ನಿಲ್ಲಿಸಿದ್ದು ಒಮ್ಮೆ ಮಾತ್ರ. ನೀರು ಊರಿಗೂ ಊರಿಗೂ ನಡುವೆ ಸಿಗುತ್ತದೆಂದು ನಂಬಬೇಡಿ, ಒಬ್ಬರಿಗೆ ಎರಡು ಲೀಟರ್ ಇರಲಿ.

128 ಕಿ.ಮೀ.ಯನ್ನೂ ಒಂದೇ ದಿನದಲ್ಲಿ ನಾವಿನ್ನೂ ಮುಗಿಸಿಲ್ಲ. ಈ ನವೆಂಬರ್‌ನಲ್ಲಿ ಬೆಳಕು ಹರಿಯುವ ಮೊದಲೇ ಹಯೇನ್‌ನಿಂದ ಹೊರಡಬೇಕೆಂಬುದು ನನ್ನಾಕೆಯ ಲೆಕ್ಕ. ಕತ್ತಲಿಗೆ ಮತ್ತು ಸುರಂಗಕ್ಕೆ ಆಗಲಿ ಎಂದು ಹೊಸ ದೀಪ ತಂದು ಸೈಕಲ್ಲಿಗೆ ಕಟ್ಟಿಟ್ಟಿದ್ದಾಳೆ.